ಮೈಯಲ್ಲಿ ಏನೂ ಇಲ್ಲ, ರಿಪೋರ್ಟಿನಲ್ಲಿ ಹೆಪಟೈಟಿಸ್ ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಠಾಣೆ, ಪುಣೆ, ಗೋವಾ ಕಡೆಯ ಕನ್ನಡಿಗರಲ್ಲಿ ಹೆಪಟೈಟಿಸ್ ಸಿ ಎಂಬ ಲಿವರಿನ ವೈರಸ್ ಸೋಂಕು ಸಿಕ್ಕಿಬೀಳುವುದು ಹೆಚ್ಚಾಗಿ ಅಕಸ್ಮಾತ್ತಾಗಿ. ಸಂಘದ ರಕ್ತದಾನ ಶಿಬಿರ, ಹರ್ನಿಯಾ ಅಥವಾ ಮೂಲವ್ಯಾಧಿ ಆಪರೇಷನ್‌ಗೆ ಮೊದಲಿನ ರಕ್ತ ಪರೀಕ್ಷೆ, ಗಲ್ಫ್ ವೀಸಾದ ಮೆಡಿಕಲ್, ಬಸುರಿಯ ಮೊದಲ ತಪಾಸಣೆ. ಚೆನ್ನಾಗಿ ಉಂಡು, ಓಡಾಡಿಕೊಂಡು ಇದ್ದವರ ಕೈಗೆ ಒಂದು ಕಾಗದ ಬರುತ್ತದೆ. ಆಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ರಿಪೋರ್ಟಿನಲ್ಲಿ 'ಆಂಟಿ ಎಚ್‌ಸಿವಿ ರಿಯಾಕ್ಟಿವ್' ಎಂದಿದೆ. ಹಾಗಾದರೆ ನನಗೆ ಕಾಯಿಲೆ ಇದೆಯೇ?

ಇನ್ನೂ ಹೇಳಲಾಗದು. ಎಚ್‌ಸಿವಿ ಎಂದರೆ ಹೆಪಟೈಟಿಸ್ ಸಿ ವೈರಸ್. ಆ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ನಿಮ್ಮ ದೇಹ ತಯಾರಿಸಿದ ಆಂಟಿಬಾಡಿಯನ್ನು. ಸೋಂಕು ತಗುಲಿದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿಯ ದೇಹ ಆರು ತಿಂಗಳೊಳಗೆ ತಾನೇ ವೈರಸ್ಸನ್ನು ಹೊರಹಾಕುತ್ತದೆ. ಆದರೆ ಅವರ ಆಂಟಿಬಾಡಿ ಪರೀಕ್ಷೆ ಆಮೇಲೂ ರಿಯಾಕ್ಟಿವ್ ಬರುತ್ತಿರುತ್ತದೆ. ರಕ್ತದಾನಿಗಳ ಪರೀಕ್ಷೆಯಲ್ಲಿ ಸುಳ್ಳು ರಿಯಾಕ್ಟಿವ್ ಬರುವುದೂ ಉಂಟು.

ತೀರ್ಮಾನಿಸುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ಇದನ್ನೇ 'ವೈರಲ್ ಲೋಡ್' ಎನ್ನುತ್ತಾರೆ. ಖಾಲಿ ಹೊಟ್ಟೆ ಬೇಕಿಲ್ಲ, ತೋಳಿನಿಂದ ಒಂದು ಟ್ಯೂಬ್ ರಕ್ತ ಸಾಕು. 'ನಾಟ್ ಡಿಟೆಕ್ಟೆಡ್' ಎಂದರೆ ಸದ್ಯ ರಕ್ತದಲ್ಲಿ ವೈರಸ್ ಇಲ್ಲ. ಸಂಖ್ಯೆ ಬಂದರೆ ಸೋಂಕು ಇದೆ. ಆ ಸಂಖ್ಯೆ ಐವತ್ತು ಲಕ್ಷ ಎಂದು ನೋಡಿ ಎದೆ ಒಡೆದುಕೊಳ್ಳಬೇಡಿ. ವೈರಲ್ ಲೋಡ್ ಹೆಚ್ಚಿದ್ದರೆ ಲಿವರ್ ಹೆಚ್ಚು ಕೆಟ್ಟಿದೆ ಎಂದಲ್ಲ, ಐವತ್ತು ಸಾವಿರ ಇದ್ದವರ ಲಿವರ್ ಹೆಚ್ಚು ಹಾಳಾಗಿರಬಹುದು.

ಇತ್ತೀಚೆಗಷ್ಟೇ ಸೂಜಿ ಚುಚ್ಚಿಕೊಂಡಿದ್ದರೆ ಆಂಟಿಬಾಡಿ ಪರೀಕ್ಷೆಯನ್ನು ಮಾತ್ರ ನಂಬಬಾರದು. ಆಂಟಿಬಾಡಿ ಮೂಡಲು ಸಾಮಾನ್ಯವಾಗಿ 8ರಿಂದ 11 ವಾರ ಬೇಕು. ವೈರಸ್ ಎರಡು-ಮೂರು ವಾರಕ್ಕೇ ಆರ್‌ಎನ್‌ಎ ಪರೀಕ್ಷೆಯಲ್ಲಿ ಸಿಗುತ್ತದೆ.

ಇಪ್ಪತ್ತು ವರ್ಷ ಮೈಯೊಳಗೆ ಇದ್ದರೂ ಗೊತ್ತಾಗಲಿಲ್ಲವೆಂದರೆ ನಂಬುವುದು ಹೇಗೆ?

ಲಿವರಿನ ಒಳಭಾಗಕ್ಕೆ ನೋವು ತಿಳಿಯುವ ನರಗಳಿಲ್ಲ, ಮೇಲಿನ ಪೊರೆಗೆ ಮಾತ್ರ ಇವೆ. ಜೊತೆಗೆ ಲಿವರಿನ ಒಂದಷ್ಟು ಭಾಗ ಕೆಟ್ಟರೂ ಉಳಿದ ಭಾಗ ಕೆಲಸ ತೂಗಿಸುತ್ತದೆ. ವೈರಸ್ಸಿನ ವಿರುದ್ಧ ದೇಹ ನಡೆಸುವ ಹೋರಾಟದಿಂದ ಲಿವರಿನಲ್ಲಿ ಸಣ್ಣ ಉರಿಯೂತ ವರ್ಷಗಟ್ಟಲೆ ನಡೆಯುತ್ತಿರುತ್ತದೆ, ಉರಿದಲ್ಲೆಲ್ಲ ಗಾಯದ ಕಲೆಯಂಥ ಗಟ್ಟಿ ನಾರು ಕೂಡುತ್ತ ಹೋಗುತ್ತದೆ. ನಾರು ಲಿವರನ್ನೆಲ್ಲ ಆವರಿಸಿದ ಸ್ಥಿತಿಯೇ ಸಿರೋಸಿಸ್. ದೀರ್ಘಕಾಲದ ಸೋಂಕಿರುವವರಲ್ಲಿ 100ಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷದೊಳಗೆ ಅದು ಬರುತ್ತದೆ. ಸಿರೋಸಿಸ್ ಬಂದ ಮೇಲೂ ಕೆಲವು ವರ್ಷ ಏನೂ ತೋರದೆ ಇರಬಹುದು. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕಣ್ಣು ಹಳದಿ, ಮಂಪರು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ವೇಗ ಹೆಚ್ಚಿಸುವವು ಇವು: ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಿಂದಾದ ಫ್ಯಾಟಿ ಲಿವರ್, ಜೊತೆಗೆ ಹೆಪಟೈಟಿಸ್ ಬಿ ಅಥವಾ ಎಚ್‌ಐವಿ, ನಲವತ್ತು ದಾಟಿದ ಮೇಲೆ ತಗುಲಿದ ಸೋಂಕು. ಇವುಗಳಲ್ಲಿ ಮದ್ಯದ ಪಾಲು ನಾವು ಒಪ್ಪಿಕೊಳ್ಳುವುದಕ್ಕಿಂತ ದೊಡ್ಡದು.

ನನ್ನ ಎಸ್‌ಜಿಪಿಟಿ ನಾರ್ಮಲ್ ಇದೆ. ಇನ್ನೇನು ಚಿಂತೆ?

ಎಸ್‌ಜಿಪಿಟಿ ಎಂದರೆ ಲಿವರಿನ ಜೀವಕೋಶ ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವ. ಅದು ಏರುತ್ತ ಇಳಿಯುತ್ತ ಇರುತ್ತದೆ, ಹಲವರಲ್ಲಿ ಸದಾ ನಾರ್ಮಲ್ ಇರುತ್ತದೆ. ಅದು ಹೇಳುವುದು ಇವತ್ತು ಎಷ್ಟು ಉರಿಯುತ್ತಿದೆ ಎಂಬುದನ್ನು, ಈವರೆಗೆ ಎಷ್ಟು ಸುಟ್ಟಿದೆ ಎಂಬುದನ್ನಲ್ಲ. ಎರಡನೆಯದಕ್ಕೆ ನೋಡಬೇಕಾದ್ದು ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟಿನ ಪ್ಲೇಟ್‌ಲೆಟ್ ಸಂಖ್ಯೆ. ಲಿವರ್ ಗಟ್ಟಿಯಾದಾಗ ಅದರೊಳಗೆ ಹರಿಯಬೇಕಾದ ರಕ್ತ ಹಿಂದಕ್ಕೆ ಒತ್ತಿ ಗುಲ್ಮ (ಸ್ಪ್ಲೀನ್) ದೊಡ್ಡದಾಗುತ್ತದೆ, ದೊಡ್ಡ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ವರ್ಷದಿಂದ ವರ್ಷಕ್ಕೆ 2.2 ಲಕ್ಷ, 1.8, 1.4 ಎಂದು ಇಳಿಯುತ್ತಿದ್ದರೆ, 'ಡೆಂಗ್ಯೂ ಬಂದು ಹೋಗಿರಬೇಕು' ಎಂದು ಬಿಟ್ಟುಬಿಡುವಂಥದ್ದಲ್ಲ ಅದು.

ಲಿವರ್ ಎಷ್ಟು ಕೆಟ್ಟಿದೆ ಎಂದು ಬಯಾಪ್ಸಿ ಇಲ್ಲದೆ ತಿಳಿಯಬಹುದೇ?

ಹೆಚ್ಚಿನವರಿಗೆ ಬಯಾಪ್ಸಿ (ಸೂಜಿಯಿಂದ ಲಿವರಿನ ಚೂರು ತೆಗೆದು ನೋಡುವುದು) ಬೇಕಾಗುವುದಿಲ್ಲ. ಎರಡು ಲೆಕ್ಕಗಳಿವೆ, ಮೊಬೈಲ್ ಕ್ಯಾಲ್ಕ್ಯುಲೇಟರಿನಲ್ಲಿ ನೀವೇ ಮಾಡಬಹುದು. ಸರ್ಕಾರಿ ಕಾರ್ಯಕ್ರಮದ ವೈದ್ಯರೂ ಇವನ್ನೇ ಬಳಸುತ್ತಾರೆ.

ಮೊದಲನೆಯದು ಎಪಿಆರ್‌ಐ. ಎಸ್‌ಜಿಪಿಟಿಯಂಥದೇ ಇನ್ನೊಂದು ಕಿಣ್ವವಾದ ಎಸ್‌ಜಿಒಟಿಯ ನಿಮ್ಮ ಸಂಖ್ಯೆಯನ್ನು ಲ್ಯಾಬಿನ ಮೇಲ್ಮಿತಿಯಿಂದ (ಸಾಮಾನ್ಯವಾಗಿ 40) ಭಾಗಿಸಿ, 100ರಿಂದ ಗುಣಿಸಿ, ಪ್ಲೇಟ್‌ಲೆಟ್ ಸಂಖ್ಯೆಯಿಂದ ಭಾಗಿಸಿ. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಹಾಕಬೇಕು: 1.4 ಲಕ್ಷ ಎಂದರೆ 140. ಎರಡನೆಯದು ಫಿಬ್-4. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ ಬಂದದ್ದನ್ನು, ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್ಟಿನಿಂದ ಗುಣಿಸಿ ಬಂದದ್ದರಿಂದ ಭಾಗಿಸಬೇಕು.

ಉದಾಹರಣೆಗೆ ವಯಸ್ಸು 52, ಎಸ್‌ಜಿಒಟಿ 68, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.4 ಲಕ್ಷ. ಎಪಿಆರ್‌ಐ: 68 ಭಾಗಿಸು 40 ಎಂದರೆ 1.7, ನೂರರಿಂದ ಗುಣಿಸಿದರೆ 170, ಭಾಗಿಸು 140 ಎಂದರೆ 1.2. ಫಿಬ್-4: 52 ಗುಣಿಸು 68 ಎಂದರೆ 3536, 64ರ ವರ್ಗಮೂಲ 8, ಗುಣಿಸು 140 ಎಂದರೆ 1120, ಉತ್ತರ 3.16. ಎಪಿಆರ್‌ಐ 2 ದಾಟಿದರೆ ಅಥವಾ ಫಿಬ್-4 3.25 ದಾಟಿದರೆ ಸಿರೋಸಿಸ್ ಎಂದು ಗಣಿಸುತ್ತಾರೆ. ಫಿಬ್-4 1.45ಕ್ಕಿಂತ ಕಡಿಮೆ ಇದ್ದರೆ ಹೆಚ್ಚು ಹಾನಿಯಾಗಿರುವ ಸಂಭವ ಕಡಿಮೆ. ನಮ್ಮ ಉದಾಹರಣೆಯವರು ಗಡಿ ದಾಟಿಲ್ಲ, ಆದರೆ ಗಡಿಯ ಬಾಗಿಲಲ್ಲೇ ನಿಂತಿದ್ದಾರೆ. ಇಂಥವರು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಲೇಬೇಕು.

ಫೈಬ್ರೋಸ್ಕ್ಯಾನ್‌ಗೆ ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು, ಊಟ ಮಾಡಿ ಹೋದರೆ ಸಂಖ್ಯೆ ಸುಳ್ಳಾಗಿ ಏರುತ್ತದೆ. ಹೆಪಟೈಟಿಸ್ ಸಿಯಲ್ಲಿ 12.5 ಕಿಲೋಪಾಸ್ಕಲ್ ದಾಟಿದರೆ ಸಿರೋಸಿಸ್ ಇರಬಹುದೆಂದು ತಿಳಿಯುತ್ತಾರೆ. ಸೋನೋಗ್ರಫಿ ಬೇರೆ, ಇದು ಬೇರೆ. ಸೋನೋಗ್ರಫಿಯಲ್ಲಿ 'ನಾರ್ಮಲ್' ಎಂದು ಬಂದ ಮಾತ್ರಕ್ಕೆ ಶುರುವಿನ ಸಿರೋಸಿಸ್ ಇಲ್ಲವೆಂದು ಹೇಳಲಾಗದು.

ನಿಜವಾಗಿ ಒಂದೂ ಲಕ್ಷಣ ಇರುವುದಿಲ್ಲವೇ?

ಇರುತ್ತದೆ, ಆದರೆ ಲಿವರಿನ ಲೆಕ್ಕಕ್ಕೆ ಬರುವುದಿಲ್ಲ. ಸುಸ್ತನ್ನು ಎರಡು ಪಾಳಿಯ ಕೆಲಸ, ಡೊಂಬಿವ್ಲಿಯಿಂದ ಲೋಕಲ್‌ನಲ್ಲಿ ನಿಂತು ಬರುವ ಪಯಣದ ಮೇಲೆ ಹಾಕುತ್ತೇವೆ. ಕಾಲಿನ ಮೇಲೆ ಪದೇ ಪದೇ ಏಳುವ ಸಣ್ಣ ಕೆಂಪು-ನೇರಳೆ ಚುಕ್ಕೆ, ಕೀಲುನೋವು, ಬಾಯೊಳಗೆ ಬಿಳಿ ಗೆರೆಗಳ ಲೈಕನ್ ಪ್ಲಾನಸ್, ಮೂತ್ರದಲ್ಲಿ ಪ್ರೋಟೀನು, ಹೊಸದಾಗಿ ಬಂದ ಸಕ್ಕರೆ ಕಾಯಿಲೆ ಇವೆಲ್ಲಕ್ಕೂ ಈ ವೈರಸ್ಸಿನ ನಂಟಿದೆ. ಒಂದೊಂದಕ್ಕೂ ಬೇರೆ ಕಾರಣಗಳಿರುತ್ತವೆ, ನಿಜ. ಆದರೆ ಚರ್ಮದ ಡಾಕ್ಟರು, ಕಿಡ್ನಿ ಡಾಕ್ಟರು ಈ ಪರೀಕ್ಷೆ ಬರೆದುಕೊಟ್ಟರೆ ಯಾಕೆ ಎಂದು ಆಶ್ಚರ್ಯಪಡಬೇಡಿ.

ನನಗೆ ಕೆಟ್ಟ ಚಟ ಒಂದೂ ಇಲ್ಲ. ಎಲ್ಲಿಂದ ಬಂತು?

ರಕ್ತದಿಂದ ರಕ್ತಕ್ಕೆ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ಪರೀಕ್ಷೆ ಕಡ್ಡಾಯವಾಗುವ ಮೊದಲು ಹೆರಿಗೆಯಲ್ಲೋ ಅಪಘಾತದಲ್ಲೋ ಆಪರೇಷನ್ನಿನಲ್ಲೋ ರಕ್ತ ಹಾಕಿಸಿಕೊಂಡವರೆಲ್ಲ ಒಮ್ಮೆ ಪರೀಕ್ಷಿಸಿಕೊಳ್ಳಬೇಕು. ಆಮೇಲೆ ಬರುವುದು ಸೂಜಿ: ಕುದಿಸಿ ಕುದಿಸಿ ಬಳಸುತ್ತಿದ್ದ ಗಾಜಿನ ಸಿರಿಂಜು, ಸಣ್ಣ ಜ್ವರಕ್ಕೂ 'ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ' ಎಂದು ಕೇಳುವ ನಮ್ಮ ಅಭ್ಯಾಸ, ಸರಿಯಾಗಿ ಶುದ್ಧ ಮಾಡದ ಹಲ್ಲಿನ ಉಪಕರಣ, ಡಯಾಲಿಸಿಸ್, ಜಾತ್ರೆಯಲ್ಲಿ ಅಥವಾ ಗೋವಾದ ಬೀಚಿನ ಬದಿಯಲ್ಲಿ ಹಾಕಿಸಿಕೊಂಡ ಹಚ್ಚೆ, ಬ್ಲೇಡು ಬದಲಿಸದ ಕ್ಷೌರ. ನಶೆಯ ಇಂಜೆಕ್ಷನ್ ಹಂಚಿಕೊಳ್ಳುವುದು ಇವತ್ತಿಗೂ ಒಂದು ದೊಡ್ಡ ದಾರಿ. ಮನೆಯಲ್ಲಿ ಅಂಥ ಹುಡುಗರಿದ್ದರೆ, ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಯೋಜನೆಯ ಕೇಂದ್ರಗಳಲ್ಲಿ ಹೊಸ ಸಿರಿಂಜು ಉಚಿತವಾಗಿ ಸಿಗುತ್ತದೆಂದು ತಿಳಿದಿರಲಿ.

ಹಲವರಿಗೆ ಮೂಲ ಸಿಗುವುದೇ ಇಲ್ಲ. ಹುಡುಕುತ್ತ ಕೂರುವುದರಿಂದ ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಬದಲಾಗುವುದಿಲ್ಲ.

ಹೋಟೆಲಿನಲ್ಲಿ ಅಡುಗೆ ಭಟ್ಟ. ಕೆಲಸ ಬಿಡಬೇಕೆ? ಮಾಲೀಕರಿಗೆ ಹೇಳಬೇಕೆ?

ಬಿಡಬೇಕಿಲ್ಲ. ಆಹಾರ-ನೀರಿನಿಂದ ಹರಡುವುದು ಹೆಪಟೈಟಿಸ್ ಎ ಮತ್ತು ಇ, ಮಳೆಗಾಲದಲ್ಲಿ ಚಾಳು ಚಾಳಿಗೇ ಬರುವ ಕಾಮಾಲೆ ಅದು. ಸಿ ಅನ್ನದಿಂದ, ಲೋಟದಿಂದ, ಕೆಮ್ಮಿನಿಂದ, ಸೊಳ್ಳೆಯಿಂದ, ಒಂದೇ ಕಕ್ಕಸು ಬಳಸುವುದರಿಂದ ಹರಡುವುದಿಲ್ಲ. ಈ ಎರಡನ್ನು ಕಲಸಿಕೊಂಡು ಖೋಲಿಯ ಹುಡುಗರು ಒಬ್ಬನ ತಟ್ಟೆ ಬೇರೆ ಇಡುವುದು ಅನ್ಯಾಯ, ಅದರಿಂದ ಯಾವ ರಕ್ಷಣೆಯೂ ಇಲ್ಲ. ಬೇರೆ ಇಡಬೇಕಾದ್ದು ರೇಜರು, ಟೂತ್‌ಬ್ರಷ್, ಉಗುರು ಕತ್ತರಿ ಮತ್ತು ಶುಗರ್ ನೋಡುವ ಸೂಜಿ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ಪಟ್ಟಿ ಕಟ್ಟಿ, ರಕ್ತ ತಗುಲಿದ ತರಕಾರಿ ಎಸೆಯಿರಿ. ಚೆಲ್ಲಿದ ರಕ್ತದ ಮೇಲೆ ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ, ಕೈಗೆ ಗ್ಲೌಸು ಇರಲಿ. ಒಣಗಿದ ರಕ್ತದಲ್ಲೂ ಈ ವೈರಸ್ ವಾರಗಟ್ಟಲೆ ಉಳಿಯಬಲ್ಲದು. ಮಾಲೀಕರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ.

ಯಜಮಾನರಿಗೆ ಇದೆ. ನನಗೂ ಮಕ್ಕಳಿಗೂ?

ಬಹುಕಾಲದ ದಂಪತಿಗಳ ನಡುವೆ ದೇಹಸಂಬಂಧದಿಂದ ಹರಡುವುದು ತೀರ ಅಪರೂಪ. ನಿಮ್ಮದೊಂದು ಆಂಟಿಬಾಡಿ ಪರೀಕ್ಷೆ ಆಗಲಿ, ಅಷ್ಟೇ. ತಾಯಿಗೆ ಸೋಂಕಿದ್ದರೆ ಹುಟ್ಟುವ ನೂರು ಮಕ್ಕಳಲ್ಲಿ ಐದಾರಕ್ಕೆ ಬರುತ್ತದೆ, ತಾಯಿಗೆ ಎಚ್‌ಐವಿಯೂ ಇದ್ದರೆ ಇನ್ನೂ ಹೆಚ್ಚು. ಹಾಲೂಡಿಸಬಹುದು, ಮೊಲೆತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವ ತನಕ ನಿಲ್ಲಿಸಿ. ಮಗುವಿನ ಆಂಟಿಬಾಡಿ ಪರೀಕ್ಷೆಯನ್ನು 18 ತಿಂಗಳು ತುಂಬಿದ ಮೇಲೆ ಮಾಡಿಸಿ, ಅದಕ್ಕೂ ಮೊದಲು ರಿಯಾಕ್ಟಿವ್ ಬಂದರೆ ಅದು ತಾಯಿಯಿಂದ ಬಂದ ಆಂಟಿಬಾಡಿ ಇರಬಹುದು. ಬಸುರಿನಲ್ಲಿ ಸಾಮಾನ್ಯವಾಗಿ ಮಾತ್ರೆ ಶುರು ಮಾಡುವುದಿಲ್ಲ.

ಚಿಕಿತ್ಸೆ ಎಲ್ಲಿ? ಎಷ್ಟು ಖರ್ಚು?

ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 28 ಜುಲೈ 2018ರಂದು ಶುರುವಾಯಿತು. ಅದರಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಮೊದಲು ವಿಚಾರಿಸಬೇಕಾದ್ದು ದೊಡ್ಡ ಸರ್ಕಾರಿ, ಪಾಲಿಕೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ: ಮುಂಬೈನಲ್ಲಿ ಸಾಯನ್, ಕೆಇಎಂ, ನಾಯರ್, ಜೆಜೆ, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಕೌಂಟರಿನಲ್ಲಿ 'ಲಿವರ್ ತೊಂದರೆ' ಎಂದು ಹೇಳಿದರೆ ಜನರಲ್ ಮೆಡಿಸಿನ್‌ಗೆ ಕಳಿಸಿ ಒಂದು ದಿನ ಹಾಳಾಗುತ್ತದೆ. ಕೇಸ್ ಪೇಪರ್ ಮಾಡಿಸುವಾಗಲೇ 'ಹೆಪಟೈಟಿಸ್ ಸಿ ಟ್ರೀಟ್‌ಮೆಂಟ್ ಸೆಂಟರ್ ಯಾವ ಒಪಿಡಿ, ಯಾವ ವಾರ' ಎಂದು ಕೇಳಿ. ರಿಯಾಕ್ಟಿವ್ ಬಂದ ರಿಪೋರ್ಟು, ಗುರುತಿನ ಚೀಟಿ, ಹಳೆಯ ಸಿಬಿಸಿ ಮತ್ತು ಎಲ್‌ಎಫ್‌ಟಿ (ಲಿವರಿನ ರಕ್ತ ಪರೀಕ್ಷೆ), ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಕೂಲಿ ಬಿಟ್ಟು ಮೂರು-ನಾಲ್ಕು ಸಲವಾದರೂ ಹೋಗಬೇಕಾಗುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ವಾಸ್ಕೋ, ಪಿಂಪ್ರಿಯಲ್ಲಿ ದಿನಗೂಲಿಯ ಮೇಲಿರುವ ನಮ್ಮ ಉತ್ತರ ಕರ್ನಾಟಕದವರು ಅರ್ಧಕ್ಕೇ ಬಿಡುವುದು ಹೆಚ್ಚಾಗಿ ಈ ಓಡಾಟಕ್ಕೆ ಬೇಸತ್ತು, ಔಷಧಿಯ ತೊಂದರೆಯಿಂದಲ್ಲ.

ಈ ಚಿಕಿತ್ಸೆಯ ಮುಖ್ಯ ಮಾತ್ರೆ ಸೋಫೋಸ್ಬುವಿರ್ ಅಮೆರಿಕದಲ್ಲಿ 2013ರ ಕೊನೆಗೆ ಬಂದಾಗ ಒಂದು ಮಾತ್ರೆಗೆ ಸಾವಿರ ಡಾಲರ್ ಇತ್ತು. 2014ರಲ್ಲಿ ಭಾರತದ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಸಿಕ್ಕಿತು. ಉಚಿತವಾಗಿ ಹಂಚುವಷ್ಟು ಅಗ್ಗವಾದದ್ದು ಅದರಿಂದ.

ಯಾವ ಮಾತ್ರೆ, ಎಷ್ಟು ದಿನ? ಇಂಜೆಕ್ಷನ್ ಇದೆಯೇ?

ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ಇಂಜೆಕ್ಷನ್ನಿನ ಕಾಲ ಮುಗಿಯಿತು. ಸಿರೋಸಿಸ್ ಇಲ್ಲದಿದ್ದರೆ ಸೋಫೋಸ್ಬುವಿರ್ 400 ಮಿಗ್ರಾಂ ಮತ್ತು ಡಕ್ಲಾಟಾಸ್ವಿರ್ 60 ಮಿಗ್ರಾಂ ದಿನಕ್ಕೊಂದು ಸಲ, 12 ವಾರ. ಸಿರೋಸಿಸ್ ಇದ್ದೂ ಲಿವರ್ ಕೆಲಸ ತೂಗಿಸುತ್ತಿದ್ದರೆ ಸೋಫೋಸ್ಬುವಿರ್ 400, ವೆಲ್ಪಾಟಾಸ್ವಿರ್ 100 ಸೇರಿದ ಒಂದೇ ಮಾತ್ರೆ, 12 ವಾರ. ಹೊಟ್ಟೆಯಲ್ಲಿ ನೀರು ತುಂಬಿದಂಥವರಿಗೆ ಇದರ ಜೊತೆ ರೈಬವಿರಿನ್ ಸೇರಿಸುತ್ತಾರೆ, ಅದು ಒಗ್ಗದಿದ್ದರೆ 24 ವಾರ ಕೊಡುತ್ತಾರೆ. ರೈಬವಿರಿನ್ ಭ್ರೂಣಕ್ಕೆ ಅಪಾಯಕಾರಿ. ಗಂಡ-ಹೆಂಡತಿ ಯಾರು ತೆಗೆದುಕೊಂಡಿದ್ದರೂ, ನಿಲ್ಲಿಸಿದ ಮೇಲೆ ಕನಿಷ್ಠ ಆರು ತಿಂಗಳು ಬಸುರಾಗಬಾರದು.

ಭಾರತದಲ್ಲಿ ಹೆಚ್ಚು ಕಾಣುವುದು ಈ ವೈರಸ್ಸಿನ ಜೀನೋಟೈಪ್ (ತಳಿ) 3. ಈ ಮಾತ್ರೆಗಳು ಎಲ್ಲ ಜೀನೋಟೈಪಿಗೂ ಕೆಲಸ ಮಾಡುವುದರಿಂದ, ಮೊದಲ ಸಲ ಚಿಕಿತ್ಸೆ ಪಡೆಯುವವರು ಜೀನೋಟೈಪ್ ಪರೀಕ್ಷೆಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಶುರುವಿಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಸಿ ಅಡಗಿದಾಗ ಬಿ ಕೆರಳಿ ಲಿವರಿಗೆ ದೊಡ್ಡ ಪೆಟ್ಟು ಬೀಳಬಹುದು. ಬಿ ಇಲ್ಲದಿದ್ದರೆ ಅದರ ಲಸಿಕೆ ಹಾಕಿಸಿಕೊಳ್ಳಿ: 0, 1, 6 ತಿಂಗಳು. ಸಿಗೆ ಲಸಿಕೆ ಇಲ್ಲ.

ಸಣ್ಣ ತಲೆನೋವು, ಸುಸ್ತು ಬಿಟ್ಟರೆ ಹೆಚ್ಚಿನವರಿಗೆ ಬೇರೇನೂ ಆಗುವುದಿಲ್ಲ. ನೂರರಲ್ಲಿ ಸುಮಾರು 95 ಮಂದಿಗೆ ಗುಣವಾಗುತ್ತದೆ.

ಬಿಪಿ, ಗ್ಯಾಸ್, ಫಿಟ್ಸ್ ಮಾತ್ರೆ ಜೊತೆಗೆ ನುಂಗಬಹುದೇ?

ಚಿಕಿತ್ಸೆ ಕೆಡುವುದು ಹೆಚ್ಚಾಗಿ ಇಲ್ಲಿ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟೋಯಿನ್, ಕಾರ್ಬಮಾಜೆಪೈನ್, ಫೆನೋಬಾರ್ಬಿಟೋನ್ ಇವು ಹೆಪಟೈಟಿಸ್ ಸಿ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತವೆ, ಒಟ್ಟಿಗೆ ಕೂಡದು. ಹೃದಯದ ಅಮಿಯೊಡರೋನ್ ಜೊತೆ ಸೋಫೋಸ್ಬುವಿರ್ ಸೇರಿದರೆ ನಾಡಿ ಅಪಾಯದ ಮಟ್ಟಕ್ಕೆ ಇಳಿಯಬಹುದು.

ವೆಲ್ಪಾಟಾಸ್ವಿರ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸಿಗೆಂದು ಪ್ಯಾಂಟೊಪ್ರಜೋಲ್ ನುಂಗುವುದು, ಉರಿ ಎಂದರೆ ಆಂಟಾಸಿಡ್ ಕುಡಿಯುವುದು ಹೋಟೆಲ್ ಕೆಲಸದವರಲ್ಲಿ ಸಾಮಾನ್ಯ. ಆಂಟಾಸಿಡ್ಡಿಗೂ ಈ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಪ್ಯಾಂಟೊಪ್ರಜೋಲ್ ಬಗೆಯವನ್ನು ಆದಷ್ಟು ನಿಲ್ಲಿಸಿ, ಆಗದಿದ್ದರೆ ಡಾಕ್ಟರನ್ನು ಕೇಳಿ ಸಮಯ ಹೊಂದಿಸಿಕೊಳ್ಳಿ. ಕೊಲೆಸ್ಟರಾಲ್ ಮಾತ್ರೆಯ ಪ್ರಮಾಣವನ್ನೂ ತಗ್ಗಿಸಬೇಕಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ವೈರಸ್ ಹೋದಂತೆ ಶುಗರ್ ಇಳಿಯುವುದುಂಟು, ಹಳೆಯ ಡೋಸೇ ಮುಂದುವರಿಸಿ ತಲೆಸುತ್ತು ಬರಿಸಿಕೊಳ್ಳಬೇಡಿ. ಜ್ವರ-ನೋವಿಗೆ 650ರ ಪ್ಯಾರಾಸಿಟಮಾಲ್ ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಸಿರೋಸಿಸ್ ಇದ್ದವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬಾರದು.

ಚೌತಿಗೆ ಊರಿಗೆ ಹೋಗಬೇಕು. ನಡುವೆ ಮಾತ್ರೆ ತಪ್ಪಿದರೆ?

ಒಂದು ಡಬ್ಬಿಯಲ್ಲಿ 28 ಮಾತ್ರೆ, ಒಟ್ಟು ಮೂರು ಡಬ್ಬಿ, 84 ದಿನ. ಹೆಚ್ಚಾಗಿ ಒಂದೊಂದೇ ಡಬ್ಬಿ ಕೊಡುತ್ತಾರೆ. ಪ್ರಯಾಣವಿದ್ದರೆ ಹಿಂದಿನ ಭೇಟಿಯಲ್ಲೇ ಹೇಳಿ ಮುಂದಿನದನ್ನು ಪಡೆಯಿರಿ. ಊರಲ್ಲೇ ತಿಂಗಳುಗಟ್ಟಲೆ ಉಳಿಯುವುದಾದರೆ ಕಾರ್ಯಕ್ರಮ ಕರ್ನಾಟಕದಲ್ಲೂ ಇದೆ, ಕೇಂದ್ರ ಬದಲಾವಣೆಯ ಚೀಟಿ ಬರೆಸಿಕೊಂಡು ಹೋಗಿ.

ವೆಲ್ಪಾಟಾಸ್ವಿರ್ ಕೂಡಿದ ಮಾತ್ರೆ ಮರೆತದ್ದು 18 ಗಂಟೆಯೊಳಗೆ ನೆನಪಾದರೆ ತಕ್ಷಣ ನುಂಗಿ, ದಾಟಿದ್ದರೆ ಬಿಟ್ಟು ಮರುದಿನ ಎಂದಿನ ಹೊತ್ತಿಗೆ ಒಂದೇ ನುಂಗಿ. ಎರಡನ್ನು ಒಟ್ಟಿಗೆ ನುಂಗಬೇಡಿ. ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕು. ಡಬ್ಬಿಯೊಳಗಿನ ತೇವ ಹೀರುವ ಪೊಟ್ಟಣ ಎಸೆಯಬೇಡಿ, ಮುಂಬೈ ಮಳೆಗಾಲದಲ್ಲಿ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಬೇಡಿ.

ನೆಲನೆಲ್ಲಿ ಕಷಾಯ, ಅಮೃತಬಳ್ಳಿ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ನೆಲನೆಲ್ಲಿ ಕುಡಿದು ಕಾಮಾಲೆ ಇಳಿಯಿತೆನ್ನುವವರಿಗೆ ಬಂದದ್ದು ಹೆಚ್ಚಾಗಿ ಎ ಅಥವಾ ಇ, ಅದು ಹೇಗಿದ್ದರೂ ತಾನೇ ಇಳಿಯುತ್ತದೆ. ಆರು ತಿಂಗಳು ದಾಟಿ ಉಳಿದ ಸಿ ಹಾಗೆ ಇಳಿಯುವುದಿಲ್ಲ. ಅಮೃತಬಳ್ಳಿಯಿಂದ ಲಿವರಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈನ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ. ಚಿಕಿತ್ಸೆಯ 12 ವಾರವಾದರೂ ಯಾವ ಕಷಾಯ, ಪುಡಿ, ಬಾಡಿಬಿಲ್ಡಿಂಗ್ ಡಬ್ಬಿಯೂ ಬೇಡ.

ಪಥ್ಯ? ವಾರಕ್ಕೊಂದು ಕ್ವಾರ್ಟರ್?

ಉಪ್ಪಿಲ್ಲದ ಗಂಜಿಯ ಪಥ್ಯ ಬೇಡ, ಅದರಿಂದ ಮಾಂಸಖಂಡ ಕರಗುತ್ತದೆ. ಉಪ್ಪು ತಗ್ಗಿಸಬೇಕಾದ್ದು ಹೊಟ್ಟೆಯಲ್ಲಿ ನೀರು ತುಂಬಿದವರು. ಸಿರೋಸಿಸ್ ಇದ್ದವರು ಮರುವಾಯಿ, ಕಲ್ವದಂಥ ಚಿಪ್ಪಿನ ಮೀನನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು, ಹಸಿಯಾಗಿ ಉಳಿದರೆ ಅದರಲ್ಲಿನ ಬ್ಯಾಕ್ಟೀರಿಯಾ ಪ್ರಾಣಕ್ಕೆ ಮುಳುವಾಗಬಹುದು. ಕಬ್ಬಿಣದ ಮಾತ್ರೆ ರಕ್ತಹೀನತೆ ಇದ್ದರೆ ಮಾತ್ರ. ಕಾಫಿ ಕುಡಿಯಿರಿ, ಲಿವರಿಗೆ ಒಳ್ಳೆಯದೆಂದೇ ಅಧ್ಯಯನಗಳು ಹೇಳುತ್ತವೆ. ಕ್ವಾರ್ಟರ್ ಬೇಡ, ಫೆನಿ-ಉರಾಕ್ ಕೂಡ. ಕುಡಿಯುವವರಿಗೂ ಚಿಕಿತ್ಸೆ ಕೊಡುತ್ತಾರೆ, 'ಬಿಟ್ಟ ಮೇಲೆ ಹೋಗುತ್ತೇನೆ' ಎಂದು ಮುಂದೂಡಬೇಡಿ.

ಮಾತ್ರೆ ಮುಗಿಯಿತು. ಗುಣವಾಯಿತೆಂದು ಯಾವಾಗ ಹೇಳುವುದು?

ಕೊನೆಯ ಮಾತ್ರೆಯಿಂದ 12 ವಾರ ಕಳೆದ ಮೇಲೆ ಮತ್ತೆ ಆರ್‌ಎನ್‌ಎ ಪರೀಕ್ಷೆ. ಆಗಲೂ 'ನಾಟ್ ಡಿಟೆಕ್ಟೆಡ್' ಬಂದರೆ ಗುಣವಾಗಿದೆ. ಮಾತ್ರೆ ಮುಗಿದ ದಿನವೇ ವೈರಸ್ ಇಲ್ಲವೆಂದು ಬಂದರೆ ಖುಷಿಪಡಬಹುದು, ನೆಚ್ಚಿಕೊಳ್ಳಬಾರದು. ಮರುಕಳಿಸುವುದಿದ್ದರೆ ಈ 12 ವಾರದಲ್ಲಿ ಮರುಕಳಿಸುತ್ತದೆ. ತೀರ ಹೆಚ್ಚು ಜನ ಬಿಡುವುದೂ ಈ ಕೊನೆಯ ಪರೀಕ್ಷೆಯನ್ನೇ. ಒಮ್ಮೆ ಗುಣವಾದವರಿಗೆ ಹೊಸದಾಗಿ ಸೋಂಕು ತಗುಲಬಹುದು, ದೇಹಕ್ಕೆ ರಕ್ಷಣೆ ಉಳಿಯುವುದಿಲ್ಲ.

ಸಿರೋಸಿಸ್ ಇದ್ದವರಿಗೆ ಇಲ್ಲಿಗೆ ಮುಗಿಯುವುದಿಲ್ಲ. ವೈರಸ್ ಹೋದರೂ ಲಿವರ್ ಕ್ಯಾನ್ಸರಿನ ಅಪಾಯ ಉಳಿದಿರುತ್ತದೆ. ಆರು ತಿಂಗಳಿಗೊಮ್ಮೆ ಸೋನೋಗ್ರಫಿ, ಜೊತೆಗೆ ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ರಕ್ತ ಪರೀಕ್ಷೆ ಮುಂದುವರಿಯಬೇಕು. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ನೋಡಲು ಎಂಡೋಸ್ಕೋಪಿ ಬೇಕೇ ಎಂದು ಡಾಕ್ಟರು ಹೇಳುತ್ತಾರೆ.

ಗುಣವಾದ ಮೇಲೆ ರಕ್ತದಾನ, ಗಲ್ಫ್ ಮೆಡಿಕಲ್?

ರಕ್ತದಾನ ಮಾಡುವಂತಿಲ್ಲ. ಆಂಟಿಬಾಡಿ ಉಳಿದೇ ಇರುತ್ತದೆ, ಶಿಬಿರದಲ್ಲಿ ಮತ್ತೆ ರಿಯಾಕ್ಟಿವ್ ಬರುತ್ತದೆ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಆಂಟಿಬಾಡಿ ಪರೀಕ್ಷೆ ಮಾಡಿಸಬೇಡಿ, 'ಆರ್‌ಎನ್‌ಎ ಮಾಡಿ' ಎಂದು ಕೇಳಿ. ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ ಆಂಟಿಬಾಡಿ ಪರೀಕ್ಷೆ ಇರುತ್ತದೆ, ಗುಣವಾಗಿದ್ದರೂ ಅಲ್ಲಿ ಅಡ್ಡಿಯಾಗಬಹುದು. ಈವರೆಗೆ ಪರೀಕ್ಷೆ ಮಾಡಿಸಿಲ್ಲದವರು ಏಜೆಂಟನ ಕೈಗೆ ದುಡ್ಡು ಕೊಡುವ ಮೊದಲು ನಿಮ್ಮದೇ ಖರ್ಚಿನಲ್ಲಿ ಒಂದು ಆಂಟಿಬಾಡಿ ಪರೀಕ್ಷೆ ಮಾಡಿಸಿ ನೋಡಿಕೊಳ್ಳಿ. 'ಮೆಡಿಕಲ್ ಕ್ಲಿಯರ್ ಮಾಡಿಸಿಕೊಡುತ್ತೇನೆ' ಎನ್ನುವವನಿಂದ ದೂರವಿರಿ. ಚಿಕಿತ್ಸೆ ಕಾರ್ಡು, ಮೊದಲ ವೈರಲ್ ಲೋಡ್, 12ನೇ ವಾರದ ಕೊನೆಯ ರಿಪೋರ್ಟು ಈ ಮೂರನ್ನೂ ಫೋಟೋ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ. ಕೇಸ್ ಪೇಪರ್ ಮಳೆಗೆ ಬೇಗ ಅಳಿಸಿಹೋಗುತ್ತದೆ.